ಎಲ್ಲಿಂದ ಮಾತಾಡ್ತಿದ್ದೀರಿ?



ಈ ವೇದಿಕೆಯಲ್ಲಿ ಹಿಂದೆ ಶಾಸನಗಳ ಬಗ್ಗೆ, ವಚನಗಳ ಬಗ್ಗೆ, ಹಳಗನ್ನಡ ವ್ಯಾಕರಣದ ಬಗ್ಗೆ ಮಾತಾಡಿದವರ ಪಟ್ಟಿ ನೋಡಿ ನಾನು ಮೊದಲು ಹಿಂಜರಿದೆ. ನನ್ನದು ಪೊಲೀಸ್ ವೈರ್‌ಲೆಸ್ಸಿನಲ್ಲಿ ಸವೆದ ನೌಕರಿ. ಬೆಟ್ಟದ ತುದಿಯ ರಿಪೀಟರಿಗೆ ಬ್ಯಾಟರಿ ಹೊರಿಸಿಕೊಂಡು ಹತ್ತಿದವನು, ಕಂಟ್ರೋಲ್ ರೂಮಿನ ಸೆಟ್ಟುಗಳಿಗೆ ಬೆಸುಗೆ ಹಾಕಿದವನು. ‘ನಿಮಗೆ ಗೊತ್ತಿರುವುದನ್ನೇ ಹೇಳಿ’ ಎಂದರು ಸಂಚಾಲಕರು. ನನಗೆ ಚೆನ್ನಾಗಿ ಗೊತ್ತಿರುವುದು ಒಂದು ಪ್ರಶ್ನೆ ಮಾತ್ರ. ಆಪತ್ತಿನಲ್ಲಿ ಯಾರಾದರೂ ಫೋನು ಮಾಡಿದಾಗ ಈ ಕಡೆಯವರು ಮೊದಲು ಕೇಳುವ ಪ್ರಶ್ನೆ: ಎಲ್ಲಿಂದ ಮಾತಾಡ್ತಿದ್ದೀರಿ?

ಎಂಬತ್ತರ ದಶಕದ ಕೊನೆ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ, ಯಾವುದೆಂದು ಬೇಡ. ಕಂಟ್ರೋಲ್ ರೂಮ್ ಎಂದರೆ ಒಂದು ಕೋಣೆ, ಎರಡು ಕಪ್ಪು ಫೋನು, ಒಂದು ವಿ.ಎಚ್.ಎಫ್. ಸೆಟ್ಟು, ಒಂದು ಲಾಗ್ ಬುಕ್ಕು, ಮೂಲೆಯಲ್ಲಿ ನೀರಿನ ಹರವಿ. ಸೆಟ್ಟು ಕೆಟ್ಟಿದೆ ಎಂದು ನನ್ನನ್ನು ಕರೆಸಿದ್ದರು. ರಾತ್ರಿ ಪಾಳಿಯಲ್ಲಿದ್ದವರು ಒಬ್ಬ ದಫೇದಾರರು. ಒಂದೂವರೆಯ ಹೊತ್ತಿಗೆ ಫೋನು ಬಡಕೊಂಡಿತು. ಹೆಣ್ಣು ದನಿ. ‘ಲಗೂ ಬರ್ರೀ ಸರ, ಬಡದಾಡಾಕ ಹತ್ಯಾರ, ಕೊಡ್ಲಿ ತಂದಾರ.’ ದಫೇದಾರರು ಕೇಳಿದರು: ‘ಎಲ್ಲಿಂದ ಮಾತಾಡಾಕತ್ತೀ ಯವ್ವಾ?’ ‘ಇಲ್ಲೇ ರೀ, ಹನಮಪ್ಪನ ಗುಡಿ ಹಂತೇಕ.’ ಲೈನು ಕಡಿಯಿತು.

ಆ ಊರಲ್ಲಿ ಹನುಮಪ್ಪನ ಗುಡಿಗಳು ಹನ್ನೊಂದಿದ್ದವು. ದಫೇದಾರರು ರಿಸೀವರು ಕೈಯಲ್ಲೇ ಹಿಡಿದು ಕಣ್ಣು ಮುಚ್ಚಿದರು. ‘ಹಿಂದ ಗಿರಣಿ ಸಪ್ಪಳ ಇತ್ತು. ರಾತ್ರಿ ನಡಿಯೂ ಗಿರಣಿ ಊರಾಗ ಒಂದ. ಅದರ ಹಿಂದಿನ ಓಣ್ಯಾಗ ಫೋನ್ ಇರೂದು ಅರಳಿ ವ್ಯಾಪಾರದವರ ಮನ್ಯಾಗ.’ ಜೀಪು ನೇರ ಅಲ್ಲಿಗೇ ಹೋಯಿತು. ಓಣಿ ಅದೇ ಆಗಿತ್ತು. ಆಮೇಲೆ ಅವರು ಮೇಜಿನ ಖಾನೆಯಿಂದ ರಟ್ಟು ಹರಿದ ನೋಟುಪುಸ್ತಕವೊಂದನ್ನು ತೆಗೆದು ಏನೋ ಬರೆದುಕೊಂಡರು. ಅದು ಇಲಾಖೆ ಕೊಟ್ಟ ರಿಜಿಸ್ಟರು ಅಲ್ಲ, ಅವರ ಸ್ವಂತದ್ದು. ಆ ಪುಸ್ತಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ತುರ್ತು ಕರೆಗೆಂದೇ ಒಂದು ಸಂಖ್ಯೆ ಹುಟ್ಟಿದ್ದು ಲಂಡನ್ನಿನಲ್ಲಿ. 1935ರ ನವೆಂಬರ್ 10ರಂದು ವಿಂಪೋಲ್ ಸ್ಟ್ರೀಟಿನ ಒಂದು ಮನೆಗೆ ಬೆಂಕಿ ಬಿತ್ತು. ಅದನ್ನು ಕಂಡ ನೆರೆಯವರೊಬ್ಬರು ಸೊನ್ನೆ ತಿರುಗಿಸಿ ಎಕ್ಸ್‌ಚೇಂಜಿಗಾಗಿ ಕಾದರು. ಆ ಕಾಲಕ್ಕೆ ಬೆಂಕಿಯೆಂದು ಕೂಗುವವರಿಗೂ, ಟ್ರಂಕ್ ಕಾಲ್ ಕೇಳುವವರಿಗೂ ಅದೇ ಸೊನ್ನೆ. ಕರೆ ಸಾಲಿನಲ್ಲಿ ಸಿಕ್ಕಿಕೊಂಡಿತು. ಆ ಮನೆಯಲ್ಲಿ ಐವರು ಹೆಂಗಸರು ಸತ್ತರು. ನೆರೆಯವರು ಸಿಟ್ಟಿಗೆದ್ದು ಪತ್ರಿಕೆಗೆ ಕಾಗದ ಬರೆದರು, ಸರ್ಕಾರ ವಿಚಾರಣೆ ಮಾಡಿಸಿತು, 1937ರ ಜೂನ್ 30ರಂದು 999 ಶುರುವಾಯಿತು. ಒಂಬತ್ತೇ ಏಕೆಂದರೆ, ಡಯಲಿನ ಕೊನೆಯ ತೂತು ಸೊನ್ನೆ, ಅದರ ಪಕ್ಕದ್ದು ಒಂಬತ್ತು. ಹೊಗೆಯಲ್ಲಿ, ಕತ್ತಲಲ್ಲಿ ಕೈಯಾಡಿಸಿದರೂ ಸಿಗುತ್ತದೆ. ಜೊತೆಗೆ ಕಾಸು ಹಾಕುವ ಫೋನುಗಳಲ್ಲಿ ಸೊನ್ನೆಯನ್ನು ಆಗಲೇ ಪುಕ್ಕಟೆ ತಿರುಗಿಸಬಹುದಾಗಿತ್ತು, ಅದೇ ಏರ್ಪಾಟನ್ನು ಒಂಬತ್ತಕ್ಕೆ ಹಿಗ್ಗಿಸುವುದು ಸುಲಭವಿತ್ತು. 999 ಬಂದರೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹೊತ್ತಿ ಬಜರು ಅರಚುತ್ತಿತ್ತು. ಆ ಅರಚು ತಾಳಲಾರದೆ ಅಲ್ಲಿಯವರು ಅದರ ಬಾಯಿಗೆ ಟೆನಿಸ್ ಚೆಂಡು ತುರುಕಿದರು ಎಂದು ಹೇಳುವುದುಂಟು. ನನ್ನ ಅನುಭವದಲ್ಲಿ ಪ್ರತಿ ಹೊಸ ಯಂತ್ರಕ್ಕೂ ಇಂಥದ್ದೊಂದು ಚೆಂಡು ಬೇಕಾಗುತ್ತದೆ.

ಅಮೆರಿಕದವರು ತಡವಾಗಿ ಬಂದರು. ಅವರ ಮೊದಲ 911 ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಅವರ ದೊಡ್ಡ ಕೊಡುಗೆ ಸಂಖ್ಯೆಯಲ್ಲ, ಅದರ ಹಿಂದೆ ಕೂರಿಸಿದ ವಿಳಾಸದ ಪಟ್ಟಿ. ಗೋಡೆಯಿಂದ ತಂತಿ ಬಂದ ಫೋನಿಗೆ ಒಂದು ಮನೆ ಇರುತ್ತದೆ. ಕರೆ ಬಂದ ಕೂಡಲೇ ಆ ಮನೆಯ ವಿಳಾಸ ಪರದೆಯ ಮೇಲೆ ಮೂಡುವಂತೆ ಮಾಡಿದರು. ಎಲ್ಲಿಂದ ಎಂಬ ಪ್ರಶ್ನೆಗೆ ಮನುಷ್ಯನ ಬದಲು ತಂತಿಯೇ ಉತ್ತರ ಹೇಳಿತು. ಹಗ್ಗ ಹಿಡಿದು ಹೋದರೆ ಆಕಳು ಸಿಕ್ಕ ಹಾಗೆ.

ಮೊಬೈಲು ಬಂದು ಆ ಹಗ್ಗ ಕಡಿಯಿತು. ಫೋನು ಎಲ್ಲರ ಜೇಬಿಗೂ ಬಂತು, ಆದರೆ ಕರೆಯುವವರು ಎಲ್ಲಿದ್ದಾರೆ ಎಂಬುದು ಮಸುಕಾಯಿತು. ಟವರಿಗೆ ಗೊತ್ತಿರುವುದು ‘ನನ್ನ ಸುತ್ತಿನಲ್ಲಿ ಎಲ್ಲೋ’ ಎಂಬಷ್ಟೇ. ಪೇಟೆಯಲ್ಲಿ ಆ ಸುತ್ತು ನಾಲ್ಕು ಬೀದಿ, ಮಲೆನಾಡಿನಲ್ಲಿ ಹಲವು ಕಿಲೋಮೀಟರು. ಗಡಿಯೂರಿನಲ್ಲಿ ಪಕ್ಕದ ರಾಜ್ಯದ ಟವರು ಹಿಡಿದುಬಿಟ್ಟರೆ ಕನ್ನಡದ ಕೂಗು ಮರಾಠಿಯವರ ಮೇಜಿನ ಮೇಲೆ ಹೋಗಿ ಬೀಳುವುದೂ ಉಂಟು. ಚಾರ್ಮಾಡಿ, ಶಿರಾಡಿ ಘಾಟಿಗಳ ಎಷ್ಟೋ ತಿರುವುಗಳಲ್ಲಿ ಟವರೇ ಸಿಗದು. ಅಲ್ಲಿ ಅಪಘಾತ ಕಂಡವರು ಮುಂದೆ ಸಿಗ್ನಲ್ ಸಿಗುವ ಕಡೆಗೆ ಬಂದು ಫೋನು ಮಾಡುತ್ತಾರೆ. ಆಗ ಯಂತ್ರ ತೋರಿಸುವ ಜಾಗ ಬೇರೆ, ಗಾಯಾಳು ಬಿದ್ದಿರುವ ಜಾಗ ಬೇರೆ. ಕೇಳುವವರು ಕೇಳಿ ತಿಳಿದುಕೊಳ್ಳದಿದ್ದರೆ ಗಾಡಿ ಸಿಗ್ನಲ್ ಸಿಕ್ಕಲ್ಲಿಗೆ ಹೋಗಿ ನಿಲ್ಲುತ್ತದೆ.

ಇದಕ್ಕೆ ಒಂದು ಸೊಗಸಾದ ಪರಿಹಾರ 2014ರಲ್ಲಿ ಬ್ರಿಟನ್ನಿನಲ್ಲೇ ಶುರುವಾಯಿತು. ಎ.ಎಂ.ಎಲ್. ಎನ್ನುತ್ತಾರೆ. ನೀವು ತುರ್ತು ಸಂಖ್ಯೆ ಒತ್ತಿದೊಡನೆ ಫೋನು ತಾನೇ ಜಿ.ಪಿ.ಎಸ್., ವೈಫೈ ಎಲ್ಲ ಚಾಲೂ ಮಾಡಿಕೊಂಡು ತನ್ನ ಜಾಗವನ್ನು ಲೆಕ್ಕ ಹಾಕಿ, ಗುಟ್ಟಾಗಿ ಒಂದು ಎಸ್.ಎಂ.ಎಸ್. ಕಳಿಸುತ್ತದೆ. ಆ್ಯಪು ಹಾಕಿಕೊಳ್ಳಬೇಕಿಲ್ಲ, ಏನನ್ನೂ ಕಲಿಯಬೇಕಿಲ್ಲ. ನನಗೆ ಇದು ಇಷ್ಟವಾಗುವುದು ಈ ಕಾರಣಕ್ಕೇ. ಆಪತ್ತಿನಲ್ಲಿ ಕೈ ನಡುಗುವವರಿಗೆ ಹೊಸ ಕೆಲಸ ಹಚ್ಚದ ಯಂತ್ರವೇ ಒಳ್ಳೆಯ ಯಂತ್ರ. ನಮ್ಮಲ್ಲಿ ಒಂದೊಂದು ಇಲಾಖೆಯೂ ಒಂದೊಂದು ಆ್ಯಪು ಬಿಡುಗಡೆ ಮಾಡಿ, ಮಂತ್ರಿಗಳ ಕೈಯಲ್ಲಿ ಗುಂಡಿ ಒತ್ತಿಸಿ, ಫೋಟೋ ತೆಗೆಸಿಕೊಳ್ಳುತ್ತದೆ. ಎದೆ ಹಿಡಿದುಕೊಂಡು ಬಿದ್ದ ಗಂಡನ ಪಕ್ಕ ಕೂತ ಹೆಂಗಸು ಆಗ ಪಾಸ್‌ವರ್ಡ್ ನೆನಪಿಸಿಕೊಳ್ಳಬೇಕೇ?

ನಮ್ಮ ದೇಶದ ಕತೆ ಸಂಖ್ಯೆಗಳ ಜಾತ್ರೆಯದು. ಪೊಲೀಸರಿಗೆ 100, ಬೆಂಕಿಗೆ 101, ಹೆಂಗಸರಿಗೆ 1091, ಮಕ್ಕಳಿಗೆ 1098, ಹೆದ್ದಾರಿಗೆ 1033, ಆಂಬುಲೆನ್ಸಿಗೆ 108. ಈ ಪೈಕಿ ಹಳ್ಳಿ ಹಳ್ಳಿಗೂ ಇಳಿದದ್ದು 108. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಹುಟ್ಟಿ, 2008ರ ರಾಜ್ಯೋತ್ಸವದ ದಿನ ‘ಆರೋಗ್ಯ ಕವಚ’ವೆಂಬ ಹೆಸರಲ್ಲಿ ನಮ್ಮಲ್ಲಿಗೆ ಬಂತು. ‘ಒಂದು ಸೊನ್ನೆ ಎಂಟಕ್ಕೆ ಫೋನ್ ಮಾಡ್ರಿ’ ಎಂಬುದು ಅಕ್ಷರ ಬಾರದ ಅಜ್ಜಿಗೂ ಬರುತ್ತದೆ. ಸಂಖ್ಯೆ ಬಾಯಲ್ಲಿ ಕೂರುವುದಕ್ಕೆ ವರ್ಷಗಳು ಹಿಡಿಯುತ್ತವೆ. ಒಮ್ಮೆ ಕೂತದ್ದನ್ನು ಸುತ್ತೋಲೆ ಹೊರಡಿಸಿ ಎಬ್ಬಿಸಲಾಗುವುದಿಲ್ಲ.

2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ದೇಶಕ್ಕೊಂದೇ ತುರ್ತು ಸಂಖ್ಯೆ ಇರಲಿ ಎಂದಿತು. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 112ನ್ನು ಸೂಚಿಸಿತು. ಯೂರೋಪಿನವರು 1991ರಲ್ಲೇ ಒಪ್ಪಿಕೊಂಡ ಸಂಖ್ಯೆ ಅದು, ಜಿ.ಎಸ್.ಎಂ. ಫೋನುಗಳ ಹೊಟ್ಟೆಯಲ್ಲಿ ಹುಟ್ಟಿನಿಂದಲೇ ತುರ್ತು ಸಂಖ್ಯೆಯೆಂದು ಅಚ್ಚಾಗಿರುತ್ತದೆ. 2018ರ ನವೆಂಬರ್ 28ರಂದು ಹಿಮಾಚಲ ಪ್ರದೇಶದಲ್ಲಿ ಮೊದಲು ಶುರುವಾಗಿ, ಮರುವರ್ಷ ಕರ್ನಾಟಕಕ್ಕೂ ಬಂತು. ತಂತ್ರಾಂಶ ಮಾಡಿದವರು ತಿರುವನಂತಪುರದ ಸಿ-ಡ್ಯಾಕಿನವರು. 2017ರಿಂದ ಮಾರುವ ಪ್ರತಿ ಫೋನಿನಲ್ಲೂ ಆಪತ್ತಿನ ಗುಂಡಿ ಇರಲೇಬೇಕೆಂದು ನಿಯಮವಾಯಿತು: ಸ್ಮಾರ್ಟ್‌ಫೋನಾದರೆ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ, ಸಾದಾ ಫೋನಾದರೆ ಐದನ್ನೋ ಒಂಬತ್ತನ್ನೋ ಒತ್ತಿ ಹಿಡಿಯಬೇಕು. ಈ ಸಭೆಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತೆಂದು ಕೈ ಎತ್ತಿಸಿ ನಿಮ್ಮನ್ನು ಮುಜುಗರಕ್ಕೆ ಗುರಿಮಾಡುವುದಿಲ್ಲ. ನನ್ನ ಸೊಸೆಗೇ ಗೊತ್ತಿರಲಿಲ್ಲ.

ಇನ್ನು 112ರ ಏರ್ಪಾಟಿನ ವಿಷಯ. ಕರೆ ಎತ್ತುವವರು ಒಬ್ಬರು. ಅವರು ವಿವರ ಟೈಪು ಮಾಡಿದರೆ ಒಂದು ‘ಇವೆಂಟ್’ ಹುಟ್ಟುತ್ತದೆ. ಅದು ಸಂಬಂಧಪಟ್ಟ ಜಿಲ್ಲೆಯಲ್ಲಿ ಗಾಡಿ ಕಳಿಸುವವರ ಪರದೆಗೆ ಹೋಗುತ್ತದೆ. ಅವರು ಹತ್ತಿರದ ಹೊಯ್ಸಳವನ್ನೋ ಬೇರೆ ಗಸ್ತು ಗಾಡಿಯನ್ನೋ ಆರಿಸಿದರೆ ಗಾಡಿಯೊಳಗಿನ ಸಣ್ಣ ಪರದೆಯಲ್ಲಿ ದಾರಿ ಮೂಡುತ್ತದೆ. ಒಂದೇ ಕೋಣೆಯಲ್ಲಿ ಒಬ್ಬ ದಫೇದಾರರು ಮಾಡುತ್ತಿದ್ದ ಕೆಲಸ ಈಗ ಎರಡು ಊರುಗಳ ನಡುವೆ ಹಂಚಿಹೋಗಿದೆ. ಲಾಭ ದೊಡ್ಡದು: ಎಲ್ಲ ಕರೆಗೂ ದಾಖಲೆ ಇದೆ, ‘ಫೋನ್ ಮಾಡಿದ್ದೆ, ಯಾರೂ ಬರಲಿಲ್ಲ’ ಎಂದು ಬಡವನು ಹೇಳಿದರೆ ಈಗ ಅದನ್ನು ಪರೀಕ್ಷಿಸಬಹುದು. ಹಿಂದೆ ಲಾಗ್ ಬುಕ್ಕಿನಲ್ಲಿ ಬರೆಯದಿದ್ದರೆ ಕರೆ ಬಂದೇ ಇಲ್ಲ. ಹಳೆಯದನ್ನು ನೆನೆದು ಕಣ್ಣೀರಿಡುವವರು ಇದನ್ನು ಮರೆಯಬಾರದು. ನಮ್ಮ ದಫೇದಾರರಂಥವರು ಒಬ್ಬರಿದ್ದರೆ ಫೋನಿನ ರಿಸೀವರನ್ನು ಕೆಳಗಿಟ್ಟು ಮಲಗುವವರು ಇಬ್ಬರಿರುತ್ತಿದ್ದರು.

ಹೊಸ ಏರ್ಪಾಟು ಬರಲೇಬೇಕು ಎನ್ನುವವನು ನಾನು. ಅದನ್ನು ತರುವ ರೀತಿಯ ಬಗ್ಗೆಯೇ ನನ್ನ ತಕರಾರು. ಇದಕ್ಕೆ ಜಗತ್ತಿನಲ್ಲೇ ದೊಡ್ಡ ಪಾಠ ಮತ್ತೆ ಲಂಡನ್ನಿನದು, 1992ರದು. ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆ ಕೊಡಿ.

ಲಂಡನ್ ಆಂಬುಲೆನ್ಸ್ ಸರ್ವಿಸಿನಲ್ಲಿ ಅಲ್ಲಿಯವರೆಗೆ ಕಾಗದದ ಕಾಲ. ಕರೆ ಎತ್ತಿದವರು ಒಂದು ಫಾರಮ್ಮಿನಲ್ಲಿ ಬರೆದು, ನಕಾಶೆಯ ಪುಸ್ತಕ ನೋಡಿ ಜಾಗದ ಗುರುತು ಹಾಕಿ, ಮೇಜಿನ ಪಕ್ಕ ಓಡುವ ಪಟ್ಟಿಯ ಮೇಲೆ ಇಡುತ್ತಿದ್ದರು. ಪಟ್ಟಿಯ ಆ ತುದಿಯಲ್ಲಿ ಕೂತವರು ಒಂದೇ ಅಪಘಾತಕ್ಕೆ ಬಂದ ಮೂರು ಫಾರಮ್ಮು ಗುರುತಿಸಿ ಎರಡನ್ನು ಬದಿಗಿಡುತ್ತಿದ್ದರು. ನಿಧಾನ, ನಿಜ. ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕರೆ ಬರುವ ಊರಿಗೆ ಅದು ಸಾಲದು, ಅದೂ ನಿಜ. ಅದಕ್ಕೆ ಒಮ್ಮೆ ಕಂಪ್ಯೂಟರು ತರಲು ಹೋಗಿ, 1990ರಲ್ಲಿ ಕೋಟಿಗಟ್ಟಲೆ ಹಣ ಕೈಬಿಟ್ಟು ನಿಲ್ಲಿಸಿದರು. ಎರಡನೆಯ ಸಲ ಎಲ್ಲರಿಗಿಂತ ಕಡಿಮೆ ಕೂಗಿದವರಿಗೆ ಟೆಂಡರು ಹೋಯಿತು. ಇದನ್ನು ಕೇಳಿ ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ, ಪಿ.ಡಬ್ಲ್ಯು.ಡಿ.ಯವರು ಇರಬೇಕು.

1992ರ ಅಕ್ಟೋಬರ್ 26ರಂದು ಕಾಗದವನ್ನು ಒಂದೇ ಏಟಿಗೆ ತೆಗೆದು ಇಡೀ ನಗರವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಆ ಯಂತ್ರಕ್ಕೆ ಒಂದು ಷರತ್ತಿತ್ತು: ಪ್ರತಿ ಗಾಡಿ ಎಲ್ಲಿದೆ, ಏನು ಮಾಡುತ್ತಿದೆ ಎಂಬುದು ಅದಕ್ಕೆ ಚಾಚೂ ತಪ್ಪದೆ ಗೊತ್ತಿರಬೇಕು. ಆದರೆ ಗಾಡಿಯವರು ಒತ್ತಬೇಕಾದ ಗುಂಡಿಗಳನ್ನು ಅವಸರದಲ್ಲಿ ಮರೆತರು, ಅದಲುಬದಲು ಒತ್ತಿದರು. ಕೆಲವು ಕಡೆ ರೇಡಿಯೋ ತಲುಪಲಿಲ್ಲ. ಖಾಲಿ ಇರುವ ಗಾಡಿಯನ್ನು ಯಂತ್ರ ಕೆಲಸದಲ್ಲಿದೆ ಎಂದು ಬಗೆಯಿತು. ಒಂದೇ ಮನೆಗೆ ಎರಡು ಗಾಡಿ ಹೋದವು, ಇನ್ನೊಂದು ಮನೆಗೆ ಒಂದೂ ಇಲ್ಲ. ತನಗೆ ಅನುಮಾನ ಬಂದಾಗಲೆಲ್ಲ ಯಂತ್ರ ಪರದೆಯ ಮೇಲೆ ಒಂದು ಎಚ್ಚರಿಕೆ ಬರೆಯುತ್ತಿತ್ತು. ಎಚ್ಚರಿಕೆಗಳು ಎಷ್ಟು ಬಂದವೆಂದರೆ ಹಳೆಯವು ಮೇಲೆ ಸರಿದು ಕಣ್ಮರೆಯಾದವು. ಗಾಡಿ ಬಾರದ್ದಕ್ಕೆ ಜನ ಮತ್ತೆ ಮತ್ತೆ ಫೋನು ಮಾಡಿದರು. ಆ ಕರೆಗಳ ಭಾರಕ್ಕೆ ಯಂತ್ರ ಇನ್ನಷ್ಟು ನಿಧಾನವಾಯಿತು. ನಿಧಾನವಾದದ್ದಕ್ಕೆ ಇನ್ನಷ್ಟು ಫೋನು. ಗಾಣದ ಎತ್ತು ಸುತ್ತಿದ ಹಾಗೆ. ಒಂದು ಮನೆಗೆ ಆಂಬುಲೆನ್ಸು ಹೋಗುವ ಹೊತ್ತಿಗೆ ಹೆಣವನ್ನೂ ಸಾಗಿಸಿಯಾಗಿತ್ತು ಎಂಬ ಸುದ್ದಿ ಹಬ್ಬಿತು. ಹಲವರು ಸತ್ತರೆಂದು ಪತ್ರಿಕೆಗಳು ಬರೆದವು. ಯಾವುದೇ ಸಾವು ಇದರಿಂದಲೇ ಆಯಿತೆಂದು ವಿಚಾರಣೆಯಲ್ಲಿ ಸ್ಥಾಪಿತವಾಗಲಿಲ್ಲ. ಮುಖ್ಯಾಧಿಕಾರಿ ರಾಜೀನಾಮೆ ಕೊಟ್ಟರು.

ಮರುದಿನವೇ ಅರ್ಧ ಕಾಗದಕ್ಕೆ ಮರಳಿದರು. ನವೆಂಬರ್ 4ರ ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ ಯಂತ್ರ ಪೂರ್ತಿ ಹೆಪ್ಪುಗಟ್ಟಿತು. ಕಾರಣ ಹುಡುಕಿದರೆ ಸಿಕ್ಕಿದ್ದು ಇಷ್ಟು: ತಂತ್ರಾಂಶ ಬರೆದವರು ಅದರ ಒಂದು ತುಂಡನ್ನು ತೆಗೆಯಲು ಮರೆತಿದ್ದರು. ಪ್ರತಿ ಸಲ ಗಾಡಿ ಕಳಿಸುವಾಗ ಅದು ಸರ್ವರಿನ ನೆನಪಿನಲ್ಲಿ ಚಿಟಿಕೆಯಷ್ಟು ಜಾಗ ಹಿಡಿಯುತ್ತಿತ್ತು, ಬಿಡುತ್ತಿರಲಿಲ್ಲ. ಕಡೆಗೆ ನೆನಪು ತುಂಬಿಹೋಯಿತು. ಬದಲಿ ಸರ್ವರೊಂದು ಇತ್ತು. ಆ ಸ್ಥಿತಿಯಲ್ಲಿ ಅದು ಕೈ ಹಿಡಿಯುತ್ತದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. ಇದನ್ನು ಪರದೇಶದ ಹಳೆಯ ಕತೆ ಎಂದು ತಳ್ಳಿಹಾಕುವ ಮುನ್ನ 2022ರ ಸೆಪ್ಟೆಂಬರಿನಲ್ಲಿ ನಮ್ಮ 108ರ ಕರೆಗಳೂ ತಾಂತ್ರಿಕ ದೋಷದಿಂದ ಸಿಗದೆ ಹೋದದ್ದನ್ನು ನೆನೆಯೋಣ.

1993ರ ವಿಚಾರಣಾ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಸರ್ವರಿನದ್ದಲ್ಲ, ಕುರ್ಚಿಗಳದ್ದು. ಹೊಸ ವ್ಯವಸ್ಥೆಗೆಂದು ಕೋಣೆಯಲ್ಲಿ ಎಲ್ಲರೂ ಕೂರುವ ಜಾಗ ಬದಲಾಯಿಸಿದ್ದರು. ವರ್ಷಾನುಗಟ್ಟಲೆ ಪಕ್ಕಪಕ್ಕ ಕೂತು ಒಂದೇ ಭಾಗದ ಬೀದಿಗಳನ್ನು ಬಲ್ಲವರು ಚೆದುರಿಹೋದರು. ‘ಆ ಸೇತುವೆ ಹತ್ರ ಅಂತಿದ್ದಾರೆ, ಯಾವುದಿರಬಹುದು?’ ಎಂದು ಪಕ್ಕದವರ ಮೊಣಕೈ ತಟ್ಟುವ ಸೌಲಭ್ಯ ಹೋಯಿತು. ಆ ಮೊಣಕೈಗೆ ಟೆಂಡರಿನಲ್ಲಿ ಸಾಲು ಇರುವುದಿಲ್ಲ.

ಅದೇ ಸಂಸ್ಥೆ 1996ರಲ್ಲಿ ಗೆದ್ದಿತು. ಈ ಸಲ ಸ್ವಂತ ಜನರಿಂದ ಬರೆಸಿದರು, ಕೋಣೆಯಲ್ಲಿ ಕೂರುವವರನ್ನು ಪ್ರತಿ ಹಂತದಲ್ಲೂ ಕೇಳಿದರು. ಮೊದಲು ಕರೆ ಬರೆದುಕೊಳ್ಳುವುದನ್ನಷ್ಟೇ ಕಂಪ್ಯೂಟರಿಗೆ ತಂದರು, ಉಳಿದದ್ದು ಹಳೆಯ ರೀತಿಯಲ್ಲೇ ನಡೆಯಿತು. ಅದು ಕೂತ ಮೇಲೆ ಮುಂದಿನದು. ನಮ್ಮ ಕಡೆ ಹಳೆಯ ಮನೆ ತಿದ್ದಿ ಕಟ್ಟುವವರು ಹೀಗೇ ಮಾಡುತ್ತಾರಲ್ಲ, ಅಡುಗೆಮನೆಯ ಒಲೆ ಆರಿಸದೆ ಪಡಸಾಲೆಯ ಗೋಡೆ ಬದಲಿಸುತ್ತಾರೆ.

ಭಾಷೆಯ ಮಾತಿಗೆ ಬರುತ್ತೇನೆ. ಈ ವೇದಿಕೆಗೆ ಅದಾದರೂ ಒಪ್ಪುತ್ತದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಎಪ್ಪತ್ತರ ದಶಕದ ಕೊನೆಗೆ ಜೆಫ್ ಕ್ಲಾಸನ್ ಎಂಬ ವೈದ್ಯರು ಕರೆ ಎತ್ತುವವರಿಗಾಗಿ ಪ್ರಶ್ನೆಗಳ ಕಾರ್ಡುಗಳನ್ನು ಬರೆದರು: ಯಾವ ದೂರಿಗೆ ಯಾವ ಪ್ರಶ್ನೆ, ಆಂಬುಲೆನ್ಸು ಬರುವವರೆಗೆ ಫೋನಿನಲ್ಲೇ ಯಾವ ಸಲಹೆ. ಎಂಬತ್ತರ ದಶಕದಲ್ಲಿ ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯಲ್ಲಿ ಹೃದಯ ನಿಂತವರ ಎದೆ ಒತ್ತುವುದನ್ನು ಫೋನಿನಲ್ಲೇ ಹೇಳಿಕೊಡತೊಡಗಿದರು. ಅಂಗೈಯ ಬುಡವನ್ನು ಎದೆಯ ನಡುವಿಗೆ ಇಡಿ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಗಟ್ಟಿಯಾಗಿ ಒತ್ತಿ. ಇದು ಜೀವ ಉಳಿಸುವ ಕೆಲಸವೆಂಬುದರಲ್ಲಿ ಅನುಮಾನವಿಲ್ಲ. ಅಲ್ಲಿಯ ಕಾರ್ಡನ್ನು ಇಲ್ಲಿಗೆ ತಂದು ಕನ್ನಡಕ್ಕೆ ಇಳಿಸಿದರೆ ಮುಗಿಯಿತೇ?

ಕಾರ್ಡಿನ ಒಂದು ಮುಖ್ಯ ಪ್ರಶ್ನೆ: ಉಸಿರಾಡುತ್ತಿದ್ದಾರೆಯೇ? ನಮ್ಮವರ ಉತ್ತರ: ‘ಮೇಲುಸಿರು ಬರ್ತಿದೆ.’ ಕೇಳಿದ ಹುಡುಗ ಇಂಗ್ಲಿಷ್ ಮಾಧ್ಯಮದವನಾದರೆ, ಉಸಿರು ಇದೆ ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಎಳೆಯುವ ಉಸಿರು ಉಸಿರಾಟವಲ್ಲ. ಎದೆ ಒತ್ತಲು ಶುರುಮಾಡಬೇಕಾದ ಗಳಿಗೆಯೇ ಅದು. ನಮ್ಮ ಅಜ್ಜಿಯರು ಅದಕ್ಕೊಂದು ಬೇರೆ ಪದವನ್ನೇ ಇಟ್ಟಿದ್ದರು, ಉಸಿರಿನಿಂದ ಅದನ್ನು ಬೇರ್ಪಡಿಸಿದ್ದರು. ಪದ ಗೊತ್ತಿಲ್ಲದವನ ಕೈಯಲ್ಲಿ ಕಾರ್ಡು ಸುಳ್ಳು ಹೇಳುತ್ತದೆ. ಹಾಗೆಯೇ ‘ಬವಳಿ ಬಂತು’, ‘ಕೈಕಾಲು ಸೆಟೆದುಕೊಂಡಿತು’, ‘ಬಾಯಿ ವಾರೆಯಾಯಿತು’. ಇನ್ನು ‘ಗ್ಯಾಸ್ ಆಗಿದೆ’ ಎಂಬ ಒಂದು ಮಾತಿನ ಹಿಂದೆ ಎಷ್ಟು ಹೃದಯಾಘಾತಗಳು ಬಚ್ಚಿಟ್ಟುಕೊಂಡಿರುತ್ತವೋ, ವೈದ್ಯರು ಹೇಳಬೇಕು. ಬೀದರಿನ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು ಒಂದೇ ಕೋಣೆಗೆ ಬರುವಾಗ ಕೋಣೆಯಲ್ಲಿ ಆ ಮೂರೂ ಕಡೆಯ ಕಿವಿಗಳಿರಬೇಕು. ಈಗ ದನಿಯನ್ನು ತಾನೇ ಬರಹಕ್ಕೆ ಇಳಿಸುವ ಯಂತ್ರಗಳು ಬರುತ್ತಿವೆ. ಬರಲಿ. ಅವಕ್ಕೆ ಮೊದಲು ಮೇಲುಸಿರು ಕಲಿಸಿ.

ಕರೆ ಎತ್ತುವವರ ಬಗ್ಗೆ ಒಂದು ಮಾತು. ಅವರಿಗೆ ಕತೆಯ ಕೊನೆ ಎಂದೂ ತಿಳಿಯುವುದಿಲ್ಲ. ಮಗು ಬಾವಿಗೆ ಬಿತ್ತೆಂದು ಚೀರುವ ತಾಯಿಯ ಕರೆ ಇಟ್ಟ ಮರುಕ್ಷಣ ಇನ್ನೊಬ್ಬರು ಕುಡಿದ ಅಮಲಲ್ಲಿ ಬೈಯಲು ಫೋನು ಮಾಡಿರುತ್ತಾರೆ, ಮತ್ತೊಬ್ಬರ ಮನೆಯ ಮಗು ಗುಂಡಿ ಒತ್ತಿ ಆಡುತ್ತಿರುತ್ತದೆ. ಮೂವರಿಗೂ ಒಂದೇ ದನಿಯಲ್ಲಿ ಉತ್ತರಿಸಬೇಕು. ಇವರಲ್ಲಿ ಬಹಳಷ್ಟು ಮಂದಿ ಹೊರಗುತ್ತಿಗೆಯ ಹೆಣ್ಣುಮಕ್ಕಳು. ಪರದೆಗೆ ಕೊಟ್ಟ ಬೆಲೆಯಲ್ಲಿ ಸ್ವಲ್ಪ ಇವರ ಸಂಬಳಕ್ಕೆ, ಪಾಳಿಯ ನಡುವಿನ ವಿಶ್ರಾಂತಿಗೆ ಹೋಗಿದ್ದರೆ ನಾನು ಇಷ್ಟು ಉದ್ದ ಮಾತಾಡಬೇಕಾಗಿರಲಿಲ್ಲ.

ಆ ನೋಟುಪುಸ್ತಕದ ವಿಷಯ. ಕಂಪ್ಯೂಟರು ಬಂದಾಗ ಆ ಕೋಣೆಯ ರಿಜಿಸ್ಟರುಗಳನ್ನೆಲ್ಲ ರದ್ದಿಗೆ ಕಟ್ಟಿದರು. ಅದರಲ್ಲಿ ಈ ಪುಸ್ತಕವೂ ಇತ್ತು. ದಫೇದಾರರು ನಿವೃತ್ತರಾಗಿ ಆಗಲೇ ತೀರಿಕೊಂಡಿದ್ದರು. ನಾನು ಎತ್ತಿಕೊಂಡು ಬಂದೆ. ಹನ್ನೊಂದು ಹನುಮಪ್ಪ, ಏಳು ದ್ಯಾಮವ್ವ, ಮೂರು ‘ದೊಡ್ಡ ಬಾವಿ’. ಯಾವುದರ ಹತ್ತಿರ ರೈಲಿನ ಸದ್ದು, ಯಾವುದರ ಹತ್ತಿರ ಶಾಲೆಯ ಗಂಟೆ. ‘ಕರೇ ಕಲ್ಲಿನ ಕಟ್ಟಿ ಅಂದರ ಉಪ್ಪಾರ ಓಣಿ, ಕರೇ ಕಟ್ಟಿ ಅಂದರ ಬಡಿಗೇರ ಓಣಿ’ ಎಂಬಂಥ ಸಾಲುಗಳು.

ಎರಡು ವರ್ಷದ ಹಿಂದೆ ಅದನ್ನು ಹಿಡಿದುಕೊಂಡು ಹೊಸ ಕೇಂದ್ರವೊಂದಕ್ಕೆ ಹೋಗಿದ್ದೆ. ಪಾಳಿ ಮುಗಿಸಿದ ಹುಡುಗಿಯೊಬ್ಬಳು, ಅದೇ ಜಿಲ್ಲೆಯವಳು, ಪುಟ ತಿರುವಿ ಕೂತಳು. ಯಂತ್ರದಲ್ಲಿ ಊರಿನ ಗುರುತುಗಳ ಪಟ್ಟಿಗೆ ಹೊಸದನ್ನು ಸೇರಿಸಲು ಅವಕಾಶವಿತ್ತು. ಹತ್ತಾರು ಸಾಲು ಟೈಪು ಮಾಡಿ ಒಂದು ಕಡೆ ನಿಂತಳು. ‘ಸರ, ಇಲ್ಲಿ ದೊಡ್ಡ ಆಲದ ಗಿಡ ಅಂತ ಬರದಾರ. ರಸ್ತೆ ಅಗಲ ಮಾಡುವಾಗ ಅದನ್ನ ಕಡದು ಭಾಳ ವರ್ಷ ಆತು. ನಾ ಹುಟ್ಟೂಕಿಂತ ಮೊದಲ.’

‘ಹಂಗಾದರ ಬಿಡವ್ವ’ ಎಂದೆ.

‘ಅಲ್ಲ ಸರ, ಫೋನ್ ಮಾಡುವಾಗ ಎಲ್ಲಾರೂ ಈಗೂ ಆಲದ ಗಿಡದ ಹತ್ರನ ಅಂತಾರ.’ ಎಂದು, ಇಲ್ಲದ ಮರಕ್ಕೆ ನಕಾಶೆಯ ಮೇಲೆ ಒಂದು ಚುಕ್ಕೆ ಇಟ್ಟು, ಮುಂದಿನ ಪುಟ ತಿರುವಿದಳು.